ಹೊರಗಿನವರನ್ನು ಕರೆದ ಮೇಲೆ

ಬನಹಟ್ಟಿ
೫ ಆಗಸ್ಟ್ ೨೦೨೪

ಪ್ರಿಯ ಕಾವ್ಯಾ,

ಬೆಳಿಗ್ಗೆ ನಿಮ್ಮವ್ವನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಗಂಟಲಿನ ಆಪರೇಷನ್ ಸುಸೂತ್ರವಾಗಿ ಆಯಿತು ಎಂದರು. ಕೆಲವು ವಾರ ಪೂರ್ತಿ ಮೌನ, ಅದಾದ ಮೇಲೂ ದಸರೆಯವರೆಗೆ ಕಾಲೇಜಿಗೆ ಹೋಗುವಂತಿಲ್ಲವಂತೆ. ಮೈಕಿಲ್ಲದ ಆ ದೊಡ್ಡ ಕ್ಲಾಸಿನಲ್ಲಿ ಅಷ್ಟು ವರ್ಷ ಕೂಗಿ ಪಾಠ ಮಾಡಬೇಡ ಎಂದು ನಾನು ಎಷ್ಟು ಸಲ ಹೇಳಿದ್ದೆ. ಈಗ ಹೇಳಿ ಏನು ಪ್ರಯೋಜನ. ವಾಟ್ಸಾಪಿನಲ್ಲಿ ನೀನು ಕಳಿಸುವ ಮೂರು ಪದ ನನಗೆ ಸಾಲುವುದಿಲ್ಲ. ಇ-ಮೇಲಿನಲ್ಲಿ ಪೂರ್ತಿ ಪತ್ರ ಬರೆ. ನಾನೂ ಬರೆಯುತ್ತೇನೆ.

ಒಂದು ದೊಡ್ಡ ಸುದ್ದಿ. ಜಮಖಂಡಿಯ ಬಟ್ಟೆ ವ್ಯಾಪಾರಿ ರಾಚಪ್ಪನವರು ನಿನಗೆ ಗೊತ್ತಲ್ಲ, ಅಪ್ಪನ ಹಳೆಯ ಗಿರಾಕಿ. ಅವರ ಮಗಳ ಮದುವೆಗೆ ಮನೆಯ ಹೆಂಗಸರೆಲ್ಲ ಒಂದೇ ದಡಿಯ ಸೀರೆ ಉಡಬೇಕಂತೆ. ಬೇರೆಲ್ಲೂ ಇಲ್ಲದ ದಡಿ ಬೇಕು ಎಂದಿದ್ದಾರೆ. ಅಪ್ಪ ಮೊದಲ ಸಲ ಹಳೆಯ ಡಿಸೈನರ್ ಹತ್ತಿರ ಹೋಗದೆ, "ನಿಮ್ಮ ಪ್ರೋಗ್ರಾಮಿನಾಗ ಬರತೈತೇನವಾ?" ಎಂದು ನನ್ನನ್ನು ಕೇಳಿದರು. ಚಿತ್ರವನ್ನು ಮಗ್ಗದ ಎಳೆಗಳ ಲೆಕ್ಕವಾಗಿಸಲು ನಾವಿಬ್ಬರೂ ಓದು ಮುಗಿದಾಗಿನಿಂದ ಕಟ್ಟುತ್ತಿರುವ ಪ್ರೋಗ್ರಾಮು ಕೊನೆಗೆ ನಮ್ಮ ಮನೆಯ ಮಗ್ಗಕ್ಕೇ ಇಳಿಯುತ್ತಿದೆ.

ಆದರೆ ರಾಚಪ್ಪನವರು ಕುಳಿತು ನೋಡುವಂತೆ ಪರದೆಯ ಮೇಲೆ ಚಿತ್ರ ಬಿಡಿಸಿ ಬಣ್ಣ ತುಂಬಬೇಕು. ನಮ್ಮ ಪ್ಯೂರ್‌ಸ್ಕ್ರಿಪ್ಟ್ ಭಾಷೆಯಲ್ಲಿ ಅದನ್ನು ಮೊದಲಿನಿಂದ ಬರೆಯಲು ಹೊತ್ತಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬೇರೆಯವರು ಬರೆದಿಟ್ಟ ಒಳ್ಳೆಯ ಲೈಬ್ರರಿ ಸಿದ್ಧವಿದೆ. ಅದನ್ನು ನಮ್ಮ ಕೋಡಿಗೆ ಜೋಡಿಸಲು ಮುಧೋಳದ ಸಂಜಯ ಎಂಬವರನ್ನು ಕರೆದಿದ್ದೇನೆ. ಅಪ್ಪನಿಗೂ ಇದನ್ನು ವಿವರಿಸಿದೆ. ನಮ್ಮ ಭಾಷೆ ಪ್ರತಿಯೊಂದನ್ನೂ ಇದು ಸಂಖ್ಯೆಯೋ, ಪದವೋ, ಇನ್ನೊಂದೋ ಎಂದು ಮೊದಲೇ ಕೇಳಿ ತಾಳೆ ನೋಡುತ್ತದೆ, ಹೊರಗಿನದನ್ನು ಕರೆದಾಗ ಮಾತ್ರ ನಾವು ಬರೆದುಕೊಟ್ಟ ಒಂದು ಸಾಲನ್ನು ಹಾಗೇ ನಂಬುತ್ತದೆ ಎಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ತನಗೇನೂ ತಿಳಿಯಲಿಲ್ಲ, ಪರದೆಯ ಮೇಲಿನ ಬಣ್ಣವೂ ಸೀರೆಯ ಬಣ್ಣವೂ ಒಂದೇ ಆದರೆ ಸಾಕು ಎಂದರು.

ನೀನು ವಿಶ್ರಾಂತಿ ತಗೋ. ಈ ಸಲ ನಿನಗೆ ತೊಂದರೆ ಕೊಡುವುದಿಲ್ಲ.

ನಿನ್ನ ಅನು


ಬೀಳಗಿ
೮ ಆಗಸ್ಟ್ ೨೦೨೪

ಅನು,

ಪತ್ರ ಓದಿದೆ. ನಾನು ಮಾತು ಬಿಟ್ಟಾಗಿನಿಂದ ಅವ್ವನಿಗೆ ನನ್ನ ಕಿವಿಯೂ ಹೋಗಿದೆ ಅನ್ನಿಸಿಬಿಟ್ಟಿದೆ. ಊಟಕ್ಕೆ ಓಣಿಗೆಲ್ಲ ಕೇಳುವ ಹಾಗೆ ಕರೆಯುತ್ತಾಳೆ. ನಾನು ಪಾಟಿಯ ಮೇಲೆ "ಕೇಳಸತೈತಿ ಬೇ" ಎಂದು ಬರೆದು ತೋರಿಸಿದರೆ ಅದನ್ನೂ ಜೋರಾಗಿ ಓದುತ್ತಾಳೆ. ನೋಡಲು ಬಂದವರು ನನ್ನೆದುರೇ ನನ್ನ ಮದುವೆಯ ಮಾತಾಡಿಕೊಂಡು ಹೋಗುತ್ತಾರೆ. ಬೇಡ ಎನ್ನಲು ಪಾಟಿ ಹುಡುಕುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ.

ಕರೆಪ್ಪ ಕಾಕಾ ಅವರ ಮಗ್ಗದಲ್ಲಿ ನಮ್ಮ ದಡಿ ಬರುತ್ತದೆ ಎಂಬುದು ಸಂತೋಷ. ಖರೆ ಹೇಳುತ್ತೇನೆ, ಕಣ್ಣು ತುಂಬಿತು.

ಆದರೆ ಈ ಸಂಜಯ ಯಾರು? ನಿನಗೆ ಹೇಗೆ ಸಿಕ್ಕರು? ಜಾವಾಸ್ಕ್ರಿಪ್ಟ್ ಜೋಡಿಸುವ ಕೆಲಸ ನಾನೇ ಮಾಡುತ್ತಿದ್ದೆ. ನಿಂತಿರುವುದು ನನ್ನ ದನಿ, ಕೈಬೆರಳಲ್ಲ. ಇಷ್ಟು ದಿನ ಇಲ್ಲದ ಅವಸರ ನಾನು ಹಾಸಿಗೆ ಹಿಡಿದ ವಾರವೇ ಬಂತಲ್ಲ.

ತೊಂದರೆ ಕೊಡುವುದಿಲ್ಲ ಎಂದು ಬರೆದಿದ್ದೀಯ. ಆ ಸಾಲು ನನಗೆ ಹಿಡಿಸಲಿಲ್ಲ.

ಕಾವ್ಯ


ಬನಹಟ್ಟಿ
೧೭ ಆಗಸ್ಟ್ ೨೦೨೪

ಪ್ರಿಯ ಕಾವ್ಯಾ,

ಉತ್ತರ ತಡವಾಯಿತು. ಈ ವಾರವೆಲ್ಲ ಮನೆಯಲ್ಲಿ ಗದ್ದಲ.

ಸಂಜಯ ಬಂದಿದ್ದ. ಒಂದು ದಿನಕ್ಕೆಂದು ಬಂದವನು ದಿನವೂ ಬೈಕಿನಲ್ಲಿ ಮುಧೋಳದಿಂದ ಓಡಾಡುತ್ತಿದ್ದಾನೆ. ಮೊದಲು ಹೊಲದ ನಕಾಶೆಗಳನ್ನು ಪರದೆಯ ಮೇಲೆ ತೋರಿಸುವ ಕೆಲಸ ಮಾಡುತ್ತಿದ್ದನಂತೆ. ಕಬ್ಬಿನ ಪ್ಲಾಟಿಗೆ ಬಣ್ಣ ತುಂಬುತ್ತಿದ್ದವನಿಗೆ ದಡಿಯ ಬಣ್ಣ ಏನು ಮಹಾ ಎನ್ನುತ್ತಾನೆ. ಮಾತು ಕಡಿಮೆ, ನಗು ಜಾಸ್ತಿ. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಕೇಳಿಸದಿದ್ದರೂ ಎಲ್ಲರ ಬಾಯಿ ನೋಡಿ ತಲೆಯಾಡಿಸುತ್ತಾನೆ. ಅವ್ವನಿಗೆ ಅವನನ್ನು ಕಂಡರೆ ಆಗಲೇ ಅಕ್ಕರೆ. ಮೊನ್ನೆ ರೊಟ್ಟಿ ಬೇಡ ಎಂದದ್ದಕ್ಕೆ, "ಈ ಶೇವಂತಿ ಮನ್ಯಾಗ ಉಣ್ಣದ ಹೋದೋರಿಲ್ಲಪ್ಪ" ಎಂದು ಕೂರಿಸಿದಳು.

ಲೈಬ್ರರಿ ಜೋಡಣೆಯಾಯಿತು. ಪರದೆಯ ಮೇಲೆ ಬೆರಳಿಟ್ಟು ಎಳೆದರೆ ದಡಿ ಹಾಗೇ ಅರಳುತ್ತದೆ. ಪರೀಕ್ಷೆಗೆಂದು ನಾವಿಟ್ಟುಕೊಂಡಿದ್ದ ಮಾದರಿ ಚಿತ್ರಗಳೆಲ್ಲ ಸರಿಯಾಗಿ ಬಂದವು. ಅಪ್ಪ ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ರಾಚಪ್ಪನವರು ತಾವೇ ಹೂವಿನ ನಡುವೆ ಜಾಗ ಬಿಡಿಸಿದರು, ಗಿಣಿ ಸೇರಿಸಿದರು.

ನಿನ್ನ ಕೋಡನ್ನೂ ಸಂಜಯ ಓದಿದ. ಚೆನ್ನಾಗಿದೆ ಎಂದ.

ಪಾಟಿಯ ಕಥೆ ಓದಿ ನಕ್ಕೆ. ಸಂಜಯನಿಗೂ ಹೇಳಿದೆ, ಅವನೂ ನಕ್ಕ.

ಅನು


ಬೀಳಗಿ
೧೯ ಆಗಸ್ಟ್ ೨೦೨೪

ಅನು,

ಮೊದಲ ಪತ್ರದಲ್ಲಿ "ಸಂಜಯ ಎಂಬವರು". ಎರಡನೆಯದರಲ್ಲಿ "ಬಂದಿದ್ದ, ನಕ್ಕ". ಇರಲಿ, ನಿಮ್ಮ ಮನೆ, ನಿಮ್ಮ ರೊಟ್ಟಿ.

ನನ್ನ ಮನೆಯ ಪಾಟಿಯ ಮಾತು ನಿನಗೆ ಬರೆದದ್ದು, ಅವನನ್ನು ನಗಿಸಲು ಬರೆದದ್ದಲ್ಲ.

ಇಂಟರ್ನೆಟ್ಟಿನಲ್ಲಿ ನಮ್ಮ ಕೋಡ್ ಇಟ್ಟಿರುವ ಜಾಗಕ್ಕೆ ಹೋಗಿ ಅವನು ಸೇರಿಸಿದ್ದನ್ನೆಲ್ಲ ನಿನ್ನೆ ಕೂತು ಓದಿದೆ. ಒಂದು ಫೈಲಿಗೆ "ಹೊಸದು" ಎಂದು ಹೆಸರು, ಇನ್ನೊಂದಕ್ಕೆ "ಹೊಸದು-ಖರೆ". ಇದು ಹೆಸರಿಡುವ ರೀತಿಯೇ? ನಾನು ಸಾಲಾಗಿ ಜೋಡಿಸಿಟ್ಟ ಫಂಕ್ಷನ್‌ಗಳ ನಡುವೆ ಅವನ ಟಿಪ್ಪಣಿಗಳು ಸಂತೆಯಲ್ಲಿ ಬಿದ್ದ ಚೀಲದ ಹಾಗೆ ಬಿದ್ದಿವೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಎರಡರಲ್ಲೂ ತಪ್ಪು. ಚಿತ್ರದ ಈ ಜಾಗದಲ್ಲಿ ಎಷ್ಟನೆಯ ಎಳೆ ಎತ್ತಬೇಕು ಎಂದು ಹೇಳುವ ಅವನ ಫಂಕ್ಷನ್ ಬಣ್ಣವಿಲ್ಲದ ಜಾಗವನ್ನು ಕೇಳಿದರೆ ಸಂಖ್ಯೆ ಕೊಡುವುದಿಲ್ಲ, ಖಾಲಿ ಕೊಡುತ್ತದೆ. ಆದರೂ ನಮ್ಮ ಭಾಷೆ ಹಾಗೇ ನಂಬುವ ಆ ಒಂದು ಸಾಲಿನಲ್ಲಿ ಯಾವಾಗಲೂ ಸಂಖ್ಯೆಯೇ ಬರುತ್ತದೆ ಎಂದು ಬರೆದಿದ್ದಾನೆ. ಎಲ್ಲವನ್ನೂ ತಾಳೆ ನೋಡುವ ಕಂಪೈಲರ್ ಅದನ್ನು ನಂಬುತ್ತದೆ, ಲೆಕ್ಕ ಹಾಕುವಾಗ ಆ ಖಾಲಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಇನ್ನು ಪರದೆಯ ಮೇಲಿನ ಗುಂಡಿಗಳ ಬಣ್ಣ. ನಾವಿಬ್ಬರೂ ಆರಿಸಿದ್ದ ನೀಲಿಯನ್ನು ತೆಗೆದು ಕಿತ್ತಳೆ ಹಾಕಿದ್ದಾನೆ. ಯಾರನ್ನು ಕೇಳಿ?

ನನ್ನ ಕೋಡ್ ಚೆನ್ನಾಗಿದೆ ಎಂದನಂತೆ. ದೊಡ್ಡ ಉಪಕಾರವಾಯಿತು ಎಂದು ಹೇಳು.

ಬನಹಟ್ಟಿಗೆ ಬಂದಾಗಲೆಲ್ಲ ನಾನು ಕೂರುತ್ತಿದ್ದದ್ದು ಕಿಟಕಿಯ ಪಕ್ಕದ ಆ ಕಬ್ಬಿಣದ ಕುರ್ಚಿಯಲ್ಲಿ. ಅವನನ್ನು ಅಲ್ಲೇ ಕೂರಿಸಿದ್ದೀಯೋ?

ಕಾವ್ಯ


ಬನಹಟ್ಟಿ
೨೬ ಆಗಸ್ಟ್ ೨೦೨೪

ಕಾವ್ಯಾ,

ನಿನ್ನ ಪತ್ರಕ್ಕೆ ಕೂಡಲೇ ಉತ್ತರ ಬರೆದಿದ್ದರೆ ಕೆಟ್ಟದ್ದೇನಾದರೂ ಬರೆಯುತ್ತಿದ್ದೆ. ಅದಕ್ಕೇ ಒಂದು ವಾರ ಸುಮ್ಮನಿದ್ದೆ.

ಇದು ಹೊಟ್ಟೆಕಿಚ್ಚು. ಬೇರೆ ಹೆಸರು ನನಗೆ ಸಿಗಲಿಲ್ಲ. ಗುಂಡಿಯ ಬಣ್ಣಕ್ಕೂ ಕುರ್ಚಿಗೂ ಜಗಳ ತೆಗೆಯುವಷ್ಟು ಚಿಕ್ಕವಳು ನೀನಲ್ಲ ಎಂದು ತಿಳಿದಿದ್ದೆ. ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತು ಬೇಸರವಾಗಿದೆ, ಒಪ್ಪುತ್ತೇನೆ. ಆದರೆ ಅದನ್ನು ಅವನ ಕೋಡಿನ ಮೇಲೆ ತೀರಿಸಿಕೊಳ್ಳಬೇಡ.

ನಿನ್ನ ಪತ್ರವನ್ನು ಸಂಜಯನಿಗೆ ತೋರಿಸಲಿಲ್ಲ. ಅದರಲ್ಲಿ ಏನಿದೆ ಎಂದೂ ಹೇಳಲಿಲ್ಲ. ಓದಿದ್ದರೆ ನಿನ್ನ ಬಗ್ಗೆ ಏನೆಂದುಕೊಳ್ಳುತ್ತಿದ್ದ? ನಿನ್ನ ಮಾನ ಕಾಪಾಡಿದೆ ಎಂದುಕೋ.

ಮಾದರಿಗಳೆಲ್ಲ ಸರಿ ಬಂದಿವೆ. ನಾಳೆ ಮಗ್ಗಕ್ಕೆ ಹಾಸು ಏರುತ್ತದೆ. ಅಪ್ಪ ನೇಯ್ಗೆ ಶುರು ಮಾಡುತ್ತಾರೆ.

ಅನುರಾಧಾ


ಬೀಳಗಿ
೨೯ ಆಗಸ್ಟ್ ೨೦೨೪

ಅನುರಾಧಾ,

ಸರಿ. ಇನ್ನು ಆ ಕೋಡನ್ನು ನಾನು ತೆರೆಯುವುದಿಲ್ಲ. ಕರೆಪ್ಪ ಕಾಕಾ ಅವರಿಗೆ ನನ್ನ ನಮಸ್ಕಾರ ಹೇಳು. ನೇಯ್ಗೆ ಚೆನ್ನಾಗಿ ಆಗಲಿ.

ಕಾವ್ಯ


ಬನಹಟ್ಟಿ
೨೨ ಸೆಪ್ಟೆಂಬರ್ ೨೦೨೪

ಕಾವ್ಯಾ,

ನಡುವೆ ಮೂರ್ನಾಲ್ಕು ಪತ್ರ ಅರ್ಧ ಬರೆದು ಅಳಿಸಿದ್ದೇನೆ. ಇದನ್ನು ಅಳಿಸುವ ಹಾಗಿಲ್ಲ.

ಸೀರೆಗಳು ಕೆಟ್ಟಿವೆ. ದಡಿಯ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಒಂದು ಜರಿ ಎಳೆ ತುಂಡು ತುಂಡಾಗಿ ಮೇಲೆದ್ದಿದೆ. ಗಿಣಿ ಸರಿ, ಹೂವು ಸರಿ. ಅವುಗಳ ನಡುವೆ ಎಲ್ಲೆಲ್ಲಿ ಜಾಗ ಬಿಟ್ಟಿದೆಯೋ ಅದರ ನೇರಕ್ಕೆ ಅಂಚಿನ ಮೊದಲ ಎಳೆ ಎದ್ದು ಕೂತಿದೆ. ನೇಯುವಾಗ ಅಪ್ಪ ಅದನ್ನು ಕಂಡಿದ್ದರಂತೆ. ಅದೂ ನಮ್ಮ ಡಿಸೈನಿನ ಭಾಗ ಎಂದುಕೊಂಡು ಸುಮ್ಮನಿದ್ದರಂತೆ. ನಮ್ಮ ಮೇಲೆ ಅಷ್ಟು ನಂಬಿಕೆ.

ರಾಚಪ್ಪನವರು ಬಂದು ಒಂದು ಸೀರೆ ಬಿಚ್ಚಿದರು. ಬೈಯಲಿಲ್ಲ. ಬೆರಳಿನಿಂದ ಆ ಎಳೆಯನ್ನು ಮೀಟಿ ನೋಡಿ, "ಕರೆಪ್ಪ, ನೀ ನೇಯ್ದದ್ದೇನೋ ಇದು?" ಎಂದು ಕೇಳಿದರು. ಅಪ್ಪ ಹೌದು ಎಂದರು, ಅಷ್ಟೇ. ಮಗಳ ಪ್ರೋಗ್ರಾಮು ಮಾಡಿದ್ದು ಎನ್ನಲಿಲ್ಲ. ಅವರು ಹೋದ ಮೇಲೆ ಮಗ್ಗ ನಿಲ್ಲಿಸಿ ಹೊರಗೆ ಕಟ್ಟೆಯ ಮೇಲೆ ಕೂತರು. ಹಬ್ಬವಲ್ಲದ ದಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದಿಲ್ಲದ್ದನ್ನು ನಾನು ಕಂಡಿರಲಿಲ್ಲ.

ಸಂಜಯ ಎರಡು ದಿನದಿಂದ ಹುಡುಕುತ್ತಿದ್ದಾನೆ. ನಾನು ನಿನ್ನ ಆಗಸ್ಟಿನ ಪತ್ರ ತೆಗೆದು ಓದಿದೆ. ಫೈಲಿನ ಹೆಸರಿಗೂ ಗುಂಡಿಯ ಬಣ್ಣಕ್ಕೂ ನಡುವೆ ಆ ಮಾತಿತ್ತು. ಖಾಲಿ, ಸೊನ್ನೆ. ಸೊನ್ನೆ ಎಂದರೆ ನಮ್ಮ ಲೆಕ್ಕದಲ್ಲಿ ಅಂಚಿನ ಮೊದಲ ಎಳೆ. ನಮ್ಮ ಮಾದರಿ ಚಿತ್ರಗಳಲ್ಲಿ ಎಲ್ಲೂ ಖಾಲಿ ಜಾಗವೇ ಇರಲಿಲ್ಲ.

ಏನು ಬದಲಿಸಬೇಕು ಎಂದು ನನಗೆ ಬರೆದು ಕಳಿಸು. ನಾನೇ ಮಾಡುತ್ತೇನೆ. ನೀನು ಬರುವುದು ಬೇಡ, ಗಂಟಲು ಜೋಪಾನ.

ಅನು


ಬೀಳಗಿ
೨೫ ಸೆಪ್ಟೆಂಬರ್ ೨೦೨೪

ಅನು,

ನಾನು ಉತ್ತರ ಬರೆಯಲು ಕೂರುವ ಮೊದಲೇ ಬಾಗಿಲಿಗೆ ಬೈಕು ಬಂದು ನಿಂತಿತು. ಸಂಜಯ. "ಕರೆಪ್ಪ ಕಾಕಾರು ವಿಳಾಸ ಕೊಟ್ರು ರೀ. ಇದನ್ನ ಕಟ್ಟಿದಾಕಿನ್ನ ಹೋಗಿ ಕೇಳು ಅಂದ್ರು" ಎಂದ. ಅನುಗೆ ತಿಳಿಸಿ ಬಂದಿರಾ ಎಂದು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದ.

ಡಾಕ್ಟರು ಈಗ ದಿನಕ್ಕೆ ಸ್ವಲ್ಪ ಹೊತ್ತು ಮೆಲ್ಲಗೆ ಮಾತಾಡಬಹುದು ಎಂದಿದ್ದಾರೆ. ಆ ಪಾಲನ್ನೆಲ್ಲ ಅವನಿಗೇ ಖರ್ಚು ಮಾಡಿದೆ. ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ಆ ಸಾಲನ್ನು ತಿದ್ದಿದ್ದೇವೆ. ಹೊರಗಿನಿಂದ ಬರುವುದು ಸಂಖ್ಯೆ ಇರಬಹುದು, ಖಾಲಿಯೂ ಇರಬಹುದು ಎಂದು ಈಗ ಬರೆದಿದೆ. ಹಾಗೆ ಬರೆದ ಕ್ಷಣವೇ ಕಂಪೈಲರ್ ಎದ್ದು, ಖಾಲಿ ಬಂದರೆ ಏನು ಮಾಡಲಿ ಎಂದು ಹತ್ತಾರು ಜಾಗಗಳಲ್ಲಿ ತಕರಾರು ತೆಗೆಯಿತು. ಒಂದೊಂದಕ್ಕೂ ಉತ್ತರ ಬರೆದೆವು. ಖಾಲಿ ಇದ್ದಲ್ಲಿ ಯಾವ ಎಳೆಯನ್ನೂ ಎತ್ತಬೇಡ. ರಾಚಪ್ಪನವರ ಗಿಣಿಯ ಚಿತ್ರವನ್ನೇ ಹಾಕಿ ನೋಡಿದೆವು. ಅಂಚು ಶುದ್ಧವಾಗಿದೆ. ಹೊಸ ಕೋಡು ನಿನಗೆ ಬಂದಿರುತ್ತದೆ.

ಈಗ ಉಳಿದ ಮಾತು.

ನಾನು ಅವನಿಗಾಗಿ ಎಷ್ಟು ದಿನದಿಂದ ಮಾತು ಮಸೆದಿಟ್ಟಿದ್ದೆ ಎಂದು ನಿನಗೆ ಗೊತ್ತಿಲ್ಲ. ಅವನು ಕುಳಿತ ಕೂಡಲೇ, ಆಗಸ್ಟಿನಲ್ಲೇ ಬರೆದು ಕಳಿಸಿದ್ದೆನಲ್ಲ, ಯಾಕೆ ತಿದ್ದಲಿಲ್ಲ ಎಂದು ಕೇಳಿದೆ. ಯಾವ ಪತ್ರ ರೀ ಎಂದ. ಅಂಥ ಮಾತು ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಬಹಳ ಸಂಕೋಚದಿಂದ ಹೇಳಿದ. ಈ ಕೆಲಸಕ್ಕೆ ಅವನು ಒಪ್ಪಿದ್ದೇ ನನ್ನ ಕೋಡು ಓದಿದ ಮೇಲಂತೆ. ಇದನ್ನು ಬರೆದವರ ಹತ್ತಿರ ಕಲಿಯಬೇಕು, ಒಮ್ಮೆ ಭೆಟ್ಟಿ ಮಾಡಿಸಿ ಎಂದು ನಿನ್ನನ್ನು ಮೇಲಿಂದ ಮೇಲೆ ಕೇಳಿದನಂತೆ. ನೀನು ಪ್ರತಿ ಸಲ, ಅವಳಿಗೆ ಆರಾಮಿಲ್ಲ, ಯಾರನ್ನೂ ಭೆಟ್ಟಿಯಾಗುವುದಿಲ್ಲ ಎಂದೆಯಂತೆ.

ಇದನ್ನು ಕೇಳಿ ನನಗಾದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಖುಷಿಯಾಯಿತು. ಎದೆಯಲ್ಲಿ ಏನೋ ಬಿಸಿಯಾಗಿ ಹರಿದಂತಾಯಿತು. ಅದು ಅವನು ಹೊಗಳಿದ್ದಕ್ಕಲ್ಲ. ನಿಮ್ಮ ಮನೆಯಲ್ಲಿ ರೊಟ್ಟಿ ತಿಂದು, ನನ್ನ ಕುರ್ಚಿಯಲ್ಲಿ ಕೂತು, ಅವನು ದಿನವೂ ಕೇಳುತ್ತಿದ್ದದ್ದು ನನ್ನನ್ನು ಎಂಬುದಕ್ಕೆ. ನೀನು ಸೋತೆ ಎಂಬುದಕ್ಕೆ.

ಆ ಬಿಸಿ ಬಹಳ ಹೊತ್ತು ಉಳಿಯಲಿಲ್ಲ. ಅವ್ವ ಚಹಾ ತಂದಳು. ಅವನು ಕಪ್ಪು ಹಿಡಿದುಕೊಂಡು ನಿನ್ನ ಮಾತು ತೆಗೆದ. ಅನುರಾಧಾ ಅವರು ಮೊನ್ನೆಯಿಂದ ಊಟ ಮಾಡಿಲ್ಲ, ತಮ್ಮ ಹೆಸರು ಎಲ್ಲೂ ಬರದಂತೆ ಅಪ್ಪ ತಪ್ಪು ಹೊತ್ತದ್ದನ್ನು ನೋಡಿ ಕುಗ್ಗಿಹೋಗಿದ್ದಾರೆ ಎಂದ. ಆಗ ನಿನ್ನ ಪತ್ರಗಳೆಲ್ಲ ನೆನಪಾದವು. ನಗು ಜಾಸ್ತಿ, ಬಾಯಿ ನೋಡಿ ತಲೆಯಾಡಿಸುತ್ತಾನೆ. ಇಷ್ಟು ದಿನ ಅದನ್ನು ನಾನು ಹೇಗೆ ಓದಿದೆ? ನನ್ನ ಜಾಗಕ್ಕೆ ಬೇರೆಯವರನ್ನು ತಂದಿದ್ದೀ ಎಂದು ಓದಿದೆ. ನಿನ್ನ ಮನಸ್ಸಿನಲ್ಲಿ ಬೇರೆ ಜಾಗ ಇರಬಹುದು ಎಂದು ಹೊಳೆಯಲೇ ಇಲ್ಲ.

ಅವನು ನಿನಗೆ ಇಷ್ಟವೇ? ಹಾಗಿದ್ದರೆ ನನಗೆ ಒಂದು ಮಾತು ಹೇಳಬಾರದಿತ್ತೇ? ನನ್ನ ಮಾನ ಕಾಪಾಡಲು ಪತ್ರ ಮುಚ್ಚಿಟ್ಟೆ ಎಂದೆ. ಅದು ಖರೆಯೇ?

ಹೋಗುವಾಗ, ಪ್ರತಿ ರವಿವಾರ ಬೀಳಗಿಗೆ ಬಂದು ಕಲಿಯಲೇ ಎಂದು ಕೇಳಿದ. ನಿನ್ನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಕಾವ್ಯ


ಬನಹಟ್ಟಿ
೬ ಅಕ್ಟೋಬರ್ ೨೦೨೪

ಪ್ರಿಯ ಕಾವ್ಯಾ,

ಖರೆಯಲ್ಲ.

ನಿನ್ನ ಆ ಪತ್ರ ತೋರಿಸಿದರೆ ಅವನು ನಿನ್ನನ್ನು ತಪ್ಪು ತಿಳಿಯುತ್ತಾನೆ ಎಂಬ ಹೆದರಿಕೆ ನನಗಿರಲಿಲ್ಲ. ತಪ್ಪು ತೋರಿಸಿದವಳು ನೀನು ಎಂದು ಗೊತ್ತಾದರೆ ಅದೇ ಗಳಿಗೆ ಬೈಕು ಹತ್ತಿ ಬೀಳಗಿಗೆ ಬರುತ್ತಾನೆ ಎಂಬ ಹೆದರಿಕೆ. ಬಂದೇಬಿಟ್ಟನಲ್ಲ. ನಾನು ಅವನೆದುರು ಚಹಾ ಇಟ್ಟರೆ, ಕಾವ್ಯಾ ಅವರು ಈ ಫಂಕ್ಷನ್ ಹೀಗೆ ಯಾಕೆ ಬರೆದರು ಎಂದು ಕೇಳುತ್ತಿದ್ದ. ಹೊಸ ಸೀರೆ ಉಟ್ಟ ದಿನ, ಕಾವ್ಯಾ ಅವರಿಗೆ ಗಂಟಲು ಹೇಗಿದೆ ಎಂದು ಕೇಳಿದ. ಹೊಟ್ಟೆಕಿಚ್ಚು ಎಂಬ ಪದ ನಿನಗೆ ಬರೆಯುವಾಗ ನನಗೆ ಹುಡುಕುವ ಕಷ್ಟವೇ ಆಗಿರಲಿಲ್ಲ, ನಾಲಿಗೆಯ ಮೇಲೇ ಇತ್ತು. ನೀನು ಬರೆದದ್ದರಲ್ಲಿ ಒಂದು ಮಾತು ಕೆಲಸದ್ದು ಎಂದು ಓದುವಾಗಲೇ ಒಂದಿಷ್ಟು ಅನ್ನಿಸಿತ್ತು. ಮಾದರಿಗಳು ಸರಿ ಬಂದಿವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸೀರೆಗಳ ವಿಷಯ. ನಿಮ್ಮ ಕೋಡು ಬಂದ ದಿನವೇ ಅಪ್ಪ ಒಂದು ಮೊಳ ನೇಯ್ದು ಬಿಸಿಲಿಗೆ ಹಿಡಿದು ನೋಡಿದರು. ಮಗ್ಗ ಮತ್ತೆ ಶುರುವಾಯಿತು. ಕೆಟ್ಟವುಗಳಲ್ಲಿ ಹಲವನ್ನು ಅವ್ವ ಮತ್ತು ಪಕ್ಕದ ಮನೆಯ ಹೊಳೆವ್ವ ಕೂತು, ಆ ಜರಿ ಎಳೆಯನ್ನು ಸೂಜಿಯಲ್ಲಿ ಎತ್ತಿ ಎತ್ತಿ ಬಿಡಿಸಿದರು. ಬಿಡಿಸಲಾಗದ್ದನ್ನು ಅಪ್ಪ ಹೊಸದಾಗಿ ನೇಯುತ್ತಿದ್ದಾರೆ. ನಾನು ಜಮಖಂಡಿಗೆ ಹೋಗಿ, ತಪ್ಪು ಪ್ರೋಗ್ರಾಮಿನದು, ಅಪ್ಪನ ಕೈಯದಲ್ಲ ಎಂದು ರಾಚಪ್ಪನವರಿಗೆ ಹೇಳಿ ಬಂದೆ. ಅವರು, ನಿಮ್ಮಪ್ಪ ಇದನ್ನು ನನಗೆ ಹೇಳಲೇ ಇಲ್ಲವಲ್ಲ ಎಂದರು. ಮದುವೆಯ ಹೊತ್ತಿಗೆ ಸೀರೆ ಮುಟ್ಟಿದರೆ ಸಾಕಂತೆ. ಅಪ್ಪ ನನ್ನ ಮೇಲೆ ಸಿಟ್ಟಾಗಿಲ್ಲ. ಆದರೆ ಈಗ ಅಂಚಿನಲ್ಲಿ ಏನೇ ಕಂಡರೂ ಮಗ್ಗ ನಿಲ್ಲಿಸಿ ನನ್ನನ್ನು ಕರೆಯುತ್ತಾರೆ. ಆ ಹಳೆಯ ನಂಬಿಕೆ ಹೋಯಿತು. ಅದಕ್ಕೆ ನಾನು ಅತ್ತಿದ್ದೇನೆ.

ಸಂಜಯನಿಗೂ ಹೇಳಿದೆ. ನಿನ್ನ ಪತ್ರವನ್ನು ಯಾಕೆ ಮುಚ್ಚಿಟ್ಟೆ ಎಂದು ಅವನೇ ನೇರವಾಗಿ ಕೇಳಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀವು ನನಗ ಸೇರತೀರಿ. ಆಕಿ ಕಡೆ ಹೋಗಿಬಿಡತೀರಿ ಅಂತ ಮುಚ್ಚಿಟ್ಟೆ" ಎಂದೆ. ಅವನು ತೆರೆದಿದ್ದ ಲ್ಯಾಪ್ಟಾಪ್ ಮುಚ್ಚಿದ. ಆಮೇಲೆ, "ನಾ ಹಂಗ ವಿಚಾರನ ಮಾಡಿದ್ದಿಲ್ಲ ರೀ. ಸೀರಿ ಕೆಟ್ಟದ್ದು ಮೊದಲ ಮರೀಬೇಕು. ಆಮ್ಯಾಲ ಹೇಳತೇನಿ" ಎಂದ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಈಗಲೂ ಕೆಲಸಕ್ಕೆ ಬರುತ್ತಾನೆ. ಅವ್ವ ರೊಟ್ಟಿ ಬಡಿಸಿದರೆ ತಲೆ ತಗ್ಗಿಸಿ ಉಣ್ಣುತ್ತಾನೆ.

ಅವನು ರವಿವಾರ ಬೀಳಗಿಗೆ ಬರಲಿ ಎನ್ನಲು ನನಗೆ ಮನಸ್ಸಿಲ್ಲ. ಕಿಚ್ಚು ಇನ್ನೂ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ನೀನೇ ಇಲ್ಲಿಗೆ ಬಾ. ಅವನಿಗೆ ಕಲಿಸು, ನನಗೂ ಕಲಿಸು. ನೀವಿಬ್ಬರೂ ಕೋಡಿನ ಮಾತಾಡುತ್ತ ನನ್ನನ್ನು ಮರೆತರೂ ಕಣ್ಣೆದುರೇ ಮರೆಯಿರಿ.

ನಿನ್ನ ಅನು


ಬೀಳಗಿ
೮ ಅಕ್ಟೋಬರ್ ೨೦೨೪

ಪ್ರಿಯ ಅನು,

ಬರುವ ರವಿವಾರ ಜಮಖಂಡಿಯ ಮೇಲಿಂದ ಬರುತ್ತೇನೆ. ಅವ್ವ ಶೇವಂತಿ ಕಾಕಿಗೆ ಅಂತ ಶೇಂಗಾ ಹೋಳಿಗೆ ಮಾಡಲು ಆಗಲೇ ಶುರು ಮಾಡಿದ್ದಾಳೆ. ಬೀಳಗಿಗೆ ಬರುವುದು ಬೇಡ, ಬನಹಟ್ಟಿಯಲ್ಲೇ ಸಿಗೋಣ ಎಂದು ಸಂಜಯನಿಗೆ ಬರೆದಿದ್ದೇನೆ. ನಿನಗಾಗಿ ತ್ಯಾಗ ಮಾಡಿದೆ ಎಂದುಕೊಳ್ಳಬೇಡ. ಅವನ ಕೋಡು ಓದಿದವಳಿಗೆ ಅವನ ಮೇಲೆ ಮನಸ್ಸಾಗುವುದು ಸಾಧ್ಯವಿಲ್ಲ.

ನಿಮ್ಮಪ್ಪನ ನಂಬಿಕೆಯ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಅದರಲ್ಲಿ ನನ್ನ ಪಾಲೂ ಇದೆ. ಆ ಮಾತನ್ನು ಗುಂಡಿಯ ಬಣ್ಣದ ಪಕ್ಕ ಇಡದೆ, ಅದೊಂದನ್ನೇ ಬರೆದು ಕಳಿಸಿದ್ದರೆ ನೀನು ಓದುತ್ತಿದ್ದೆ. ಕರೆಪ್ಪ ಕಾಕಾ ಕರೆದಾಗಲೆಲ್ಲ ಇನ್ನು ಇಬ್ಬರೂ ಎದ್ದು ಹೋಗೋಣ.

ಅವನ ಉತ್ತರ ಏನು ಬರುತ್ತದೋ ನನಗೆ ಗೊತ್ತಿಲ್ಲ. ಹೌದು ಎಂದರೆ ನಿನ್ನನ್ನು ಅವನ ಜೊತೆ ಹಂಚಿಕೊಳ್ಳಬೇಕು, ನನ್ನ ಹೊಟ್ಟೆ ಉರಿಯುತ್ತದೆ. ಇಲ್ಲ ಎಂದರೆ ನೀನು ಅಳುವುದನ್ನು ನೋಡಬೇಕು. ಎರಡರಲ್ಲಿ ಒಂದನ್ನು ಆರಿಸು ಎಂದರೆ, ಹೊಟ್ಟೆಯೇ ಉರಿಯಲಿ.

ನಿನ್ನ ಕಾವ್ಯ